ಹುಚ್ಚನೆಂದು ಬಿಡಿಸಿ ತಂದವಳಿಗೆ

ಸುವರ್ಣಾ,

ಹೇಳದೆ ಬಂದವನು ಇಂದು ತಾನಾಗಿಯೇ ಬರೆಯುತ್ತಿದ್ದೇನೆ. ಚನ್ನರಾಯಪಟ್ಟಣದಲ್ಲಿದ್ದೇನೆ. ಮಂಚಯ್ಯ ಎಂಬವರ ಲಾರಿ ಶೆಡ್ಡಿನಲ್ಲಿ ಕೆಲಸ, ಅದರ ಹಿಂದಿನ ಕೋಣೆಯಲ್ಲೇ ವಾಸ. ಮೈಗೆ ಏನೂ ತೊಂದರೆಯಿಲ್ಲ. ಇಷ್ಟನ್ನು ಕಾರ್ತಿಕದಲ್ಲೇ ಒಂದು ಕಾರ್ಡಿನಲ್ಲಿ ಗೀಚಿ ಹಾಕಬಹುದಿತ್ತು. ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರ ಬಂದರೂ ಹಾಕಲಿಲ್ಲ. ನಾಚಿಕೆಗೆ ಸಿಟ್ಟಿನ ಹೆಸರಿಟ್ಟು ದಿನ ತಳ್ಳಿದೆ. ನಿನ್ನೆ ನಮ್ಮ ಬಡಗಿ ಚೆನ್ನಯ್ಯ ಇಲ್ಲಿಗೆ ಬಂದು ಹೋದ ಮೇಲೆ ಆ ಹೆಸರು ನಿಲ್ಲಲಿಲ್ಲ.

ಈ ಯಂತ್ರದ ಗೀಳು ನನಗೆ ಎಲ್ಲಿಂದ ಹತ್ತಿತೆಂದು ನೀನು ಒಮ್ಮೆಯೂ ಕೇಳಿದವಳಲ್ಲ. ಇವತ್ತು ಹೇಳುತ್ತೇನೆ. ಹೊಳೆನರಸೀಪುರದ ರೈಸ್ ಮಿಲ್ಲಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದಾಗ ಸಾಮಾನು ತರಲು ಹಾಸನಕ್ಕೆ ಹೋಗುತ್ತಿದ್ದೆ. ಬಸ್ಸಿಗೆ ಹೊತ್ತಿದ್ದರೆ ವಾಚನಾಲಯದಲ್ಲಿ ಕೂರುತ್ತಿದ್ದೆ. ಅಲ್ಲೊಂದು ಹಳೆಯ ಪತ್ರಿಕೆಯಲ್ಲಿ ರಷ್ಯಾದ ಒಬ್ಬನ ಕಥೆ ಫೋಟೋ ಸಮೇತ ಸಿಕ್ಕಿತು. ನಾಲಿಗೆ ತೊಡರುವಷ್ಟು ಉದ್ದನೆಯ ಹೆಸರು. ಮೀಸೆ ಚಿಗುರುವ ವಯಸ್ಸಿಗೇ ವಿಮಾನ ಕಟ್ಟಿದವನು. ಮೊದಲ ಮಹಾಯುದ್ಧದಲ್ಲಿ, ಟ್ಯಾಂಕು ಎಂಬ ಹೆಸರೇ ಇಲ್ಲದಾಗ, ಹೊಟ್ಟೆಯ ಕೆಳಗೆ ಒಂದೇ ಅಗಲವಾದ ಪಟ್ಟಿ ಸುತ್ತಿಕೊಂಡು ಸಾಗುವ ಬಂಡಿ ಮಾಡಿದನಂತೆ. ನೆಟ್ಟಗೆ ಓಡಿತಂತೆ, ತಿರುಗಿಸುವುದಕ್ಕೆ ಹೆಣಗಬೇಕಿತ್ತಂತೆ, ಮೆತ್ತನೆಯ ಹಿಮದಲ್ಲಿ ಸೋತಿತಂತೆ. ದೊಡ್ಡವರು ಕೈಬಿಟ್ಟರು. ಅವನು ಮತ್ತೆ ವಿಮಾನದ ಕೆಲಸಕ್ಕೆ ತಿರುಗಿದ. ಬರಹ ಅಲ್ಲಿಗೆ ಮುಗಿದಿತ್ತು. ಆಮೇಲೆ ಅವನ ಗತಿ ಏನಾಯಿತೆಂದು ಒಂದು ಸಾಲೂ ಇರಲಿಲ್ಲ. ರದ್ದಿಗೆ ಹಾಕುವ ದಿನ ಆ ಪತ್ರಿಕೆಯನ್ನು ಕೇಳಿ ತಂದುಕೊಂಡೆ.

ಅದನ್ನೇ ಮುಂದಿಟ್ಟುಕೊಂಡು, ಮಿಲ್ಲಿನ ಸವೆದ ಬೆಲ್ಟುಗಳನ್ನು ಜೋಡಿಸಿ ನಾನೂ ಒಂದು ಬಂಡಿ ಕಟ್ಟಿದ್ದು. ಹೇಮಾವತಿಗೆ ಮರಳು ತುಂಬಲು ಇಳಿದ ಗಾಡಿಗಳು ಹೂತು, ಎತ್ತುಗಳು ಮಂಡಿಯೂರುವುದನ್ನು ದಿನಾ ನೋಡುತ್ತಿದ್ದೆ. ನಮ್ಮ ಮದುವೆಯಾದ ಮೇಲಿನ ಮೊದಲ ಬೇಸಿಗೆ ಅದು. ಬಂಡಿ ಮರಳಿನ ಮೇಲೆ ಆಮೆಯ ಹಾಗೆ ಹೊರಟಿತು. ಹೂಳಲಿಲ್ಲ, ನಿಲ್ಲಲಿಲ್ಲ, ತಿರುಗಲೂ ಇಲ್ಲ. ನಾನು ಸನ್ನೆಗೋಲು ಎಳೆದೆಳೆದು ಸೋತೆ. ಅದು ನನ್ನನ್ನು ಕೂರಿಸಿಕೊಂಡೇ ನೀರಿಗಿಳಿಯಿತು. ದಂಡೆಯ ತುಂಬ ಜನ, ಬಿದ್ದು ಬಿದ್ದು ನಕ್ಕರು. ಅರಕಲಗೂಡಿನಿಂದ ಬಂದು ಇನ್ನೂ ವರ್ಷವಾಗದ ನೀನು, ಸೆರಗು ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿಗೆ ಬಂದು ಹಗ್ಗ ಹಿಡಿದೆ. “ನಗೋರು ನಗ್ಲಿ ಬುಡಿ. ನೀರ್‌ ಗಂಟ ಓಯ್ತಲ್ಲ, ಯಾವೆತ್ತು ಓಗಿತ್ತು?” ಅಂದವಳು ನೀನು. ಆವತ್ತು ನನಗೆ ನಾಚಿಕೆಯೇ ಆಗಲಿಲ್ಲ.

ಕೊಣನೂರಿಗೆ ಬಂದು ನೆಲೆಸಿದ ಮೇಲೆ ವಿಮಾನದ ಆಸೆ ಹತ್ತಿತು. ರಾಮನಾಥಪುರದಲ್ಲಿ ಹೊಗೆಸೊಪ್ಪು ಒಣಗಿಸುತ್ತಿದ್ದ ಉದ್ದನೆಯ ಕೊಟ್ಟಿಗೆಯೊಂದು ಹಾಳುಬಿದ್ದಿತ್ತು, ಅಲ್ಲೇ ಕಟ್ಟಿದೆವು. ಮರಗೆಲಸ ಚೆನ್ನಯ್ಯನದು, ಎಂಜಿನ್ ಒಂದು ಮುದಿ ಮೋಟಾರ್ ಸೈಕಲ್ಲಿನದು, ರೆಕ್ಕೆಯ ಬಟ್ಟೆ ನಿನ್ನದು. ಗಾಳಿ ನುಸುಳಬಾರದೆಂದು ನೀನು ಹೊಲಿಗೆಯ ಮೇಲೆ ಹೊಲಿಗೆ ಹಾಕಿದೆ. ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂದರೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದೆ, ಬಟ್ಟೆಗೆ ತಾಕಿಸುತ್ತಿರಲಿಲ್ಲ. ದಸರೆ ಕಳೆದ ವಾರ ಗೋಮಾಳದಲ್ಲಿ ಓಡಿಸಿದಾಗ ಅದು ನೆಲ ಬಿಟ್ಟಿತು. ಒಂದಾಳೆತ್ತರವೂ ಇರಲಾರದು. ಉಸಿರು ಹಿಡಿದು ಬಿಡುವಷ್ಟು ಹೊತ್ತು, ಅಷ್ಟೆ. “ಎದ್‌ಬುಡ್ತು ಕಣಕ್ಕೋ, ನೆಲ ಬುಟ್‌ಬುಡ್ತು!” ಎಂದು ಚೆನ್ನಯ್ಯ ಕುಣಿದ. ನೀನು ಬಾಯಿಗೆ ಸೆರಗೊತ್ತಿಕೊಂಡು ಅತ್ತೆ. ಆ ಒಂದು ಗಳಿಗೆ ನಾನು ನಿನ್ನೆದುರು ತಲೆಯೆತ್ತಿ ನಿಂತಿದ್ದೆ.

ಆ ತಿಂಗಳಲ್ಲೇ ಚೀನಾ ಯುದ್ಧ ಶುರುವಾಯಿತು. ಹದ್ದು ಸುತ್ತಿದರೂ ಜನ ಆಕಾಶ ನೋಡುವ ಕಾಲ. ಹೊಗೆಸೊಪ್ಪಿನ ಕೊಟ್ಟಿಗೆಯಲ್ಲಿ ವೈರಿಗೆ ದಾರಿ ತೋರುವ ವಿಮಾನವಿದೆ ಎಂದು ಯಾರೋ ಹಬ್ಬಿಸಿದರು. ಪೊಲೀಸರು ಬಂದು ನನ್ನನ್ನು ಹಿಡಿದುಕೊಂಡು ಹೋದರು. ಪತ್ರಿಕೆಯೂ ಅವರ ಕೈಗೆ ಸಿಕ್ಕಿತು. “ಈ ರಷ್ಯಾದೋನ್ ಫೋಟೋ ಯಾಕ್ಲಾ ಮಡಿಕ್ಕಂಡಿದ್ದೀಯ? ಯಾರಿಗ್ಲಾ ಸುದ್ದಿ ಕೊಡ್ತಿದ್ದೆ?” ಎಂದು ಠಾಣೆಯ ಅಧಿಕಾರಿ ಕೇಳಿದ. ರಷ್ಯಾ ಬೇರೆ ಚೀನಾ ಬೇರೆ ಎಂದೆ. ಕೆನ್ನೆಗೆ ಬಿತ್ತು. ದಿನಗಳು ಹೋದವು. ನಿಜ ಹೇಳಿದಷ್ಟೂ ಅವರಿಗೆ ಅನುಮಾನ ಬಲಿಯಿತು. ಕಡೆಗೆ, ದೂರದ ಜೈಲಿಗೆ ಕಳಿಸುತ್ತಾರೆಂದು ಗೊತ್ತಾಯಿತು. ಅಲ್ಲಿಂದ ಯಾವಾಗ ಬಿಡುತ್ತಾರೆಂದರೆ ಯಾರೂ ಬಾಯಿ ಬಿಡಲಿಲ್ಲ.

ನೀನು ಬಂದದ್ದು ಆ ದಿನ. ಠಾಣೆಯ ಅಂಗಳದಲ್ಲಿ ಜನ ಮುತ್ತಿದ್ದರು. ನೀನು ನನ್ನ ಕಡೆ ನೋಡಲೇ ಇಲ್ಲ. ಆ ಅಧಿಕಾರಿಯ ಕಾಲ ಬಳಿ ಕುಕ್ಕರಿಸಿದೆ. “ಸಾ, ಇವ್ರಿಗೆ ತಲೆ ಸರಿಯಿಲ್ಲ. ಲಗ್ನ ಆದಾಗ್ಲಿಂದ ಇಂಗೇಯ. ಆಗ ಹೊಳೆಗೆ ಗಾಡಿ ಬುಟ್ರು, ಈಗ ಹಕ್ಕಿ ಮಾಡ್ತೀನಿ ಅಂತಾರೆ. ಉಣ್ಣಾಕೂ ನಾನೇ ಎಬ್ಬುಸ್ಕಂಡು ಬರ್ಬೇಕು. ಹುಚ್ಚನ್ನ ಹಿಡ್ಕಂಡು ಏನ್ಮಾಡೀರಿ ಸಾ?”

ಅಧಿಕಾರಿ ನನ್ನ ಕಡೆ ತಿರುಗಿದ. “ಏನ್ಲಾ, ಹುಚ್ಚನಾ ನೀನು?”

ಆಗ ನೀನು ನನ್ನನ್ನು ನೋಡಿದೆ, ಸುವರ್ಣಾ. ಬೇಡಿಕೊಳ್ಳುತ್ತಿದ್ದ ಕಣ್ಣು. ನಾನು ಎರಡೂ ಕೈ ಚಾಚಿ, ಬಾಯಲ್ಲಿ ಎಂಜಿನ್ನಿನ ಸದ್ದು ಮಾಡುತ್ತ ಅಂಗಳದ ಸುತ್ತ ಓಡಿದೆ. ಒಂದು ಸುತ್ತು ಸಾಕಿತ್ತು. ಜನ ನಕ್ಕರೆಂದು ಮತ್ತೆ ಸುತ್ತಿದೆ. ಅಧಿಕಾರಿಯೂ ಹೊಟ್ಟೆ ಹಿಡಿದುಕೊಂಡು ನಕ್ಕ. ಯಂತ್ರ ಮುರಿದು ಹಾಕಿ ಕರೆದುಕೊಂಡು ಹೋಗು ಎಂದ.

ಮುರಿಯುವುದನ್ನು ನೋಡಲು ಪೇದೆಯೊಬ್ಬ ಜೊತೆಗೆ ಬಂದ. ಚೆನ್ನಯ್ಯನಿಗೆ ಕೈ ಬರಲಿಲ್ಲ, ಗೋಡೆಗೆ ಮುಖ ಮಾಡಿ ನಿಂತ. ನೀನು ಮಚ್ಚು ತೆಗೆದುಕೊಂಡೆ. ನೀನೇ ಹೊಲಿದ ಹೊಲಿಗೆಯ ಮೇಲೆ ಏಟು ಹಾಕಿದೆ. ಪೇದೆಗೆ ಅನುಮಾನ ಬರಬಾರದೆಂದು ನಾನು ಪಕ್ಕದಲ್ಲಿ ಚಪ್ಪಾಳೆ ತಟ್ಟಿ ನಗುತ್ತಿದ್ದೆ. ಬಟ್ಟೆ ಹರಿಯುವ ಸದ್ದು, ನನ್ನ ನಗು, ಎರಡೂ ಒಟ್ಟಿಗೆ. ಆ ಮಚ್ಚನ್ನು ಹುಚ್ಚನಾಗಿಯೇ ನಿನ್ನ ಕೈಯಿಂದ ಕಿತ್ತುಕೊಂಡು ನಾನೇ ಕಡಿಯಬಹುದಿತ್ತು. ಹುಚ್ಚರು ಕಡಿಯುವುದಿಲ್ಲವೇ? ಅಷ್ಟೂ ಹೊಳೆಯಲಿಲ್ಲ. ಈಗ ಲಾರಿಯ ಟಾರ್ಪಾಲು ಹರಿದ ಸದ್ದು ಕೇಳಿದರೂ ಮುಖ ತಗ್ಗಿಸುತ್ತೇನೆ.

ಮನೆಗೆ ಬಂದ ಮೇಲೆ ನೀನು ಬಿಸಿನೀರು ಕಾಯಿಸಿದೆ, ಮುದ್ದೆ ಕಟ್ಟಿದೆ. ನಾನು ತಟ್ಟೆ ಮುಟ್ಟದೆ ಕೇಳಿದೆ: “ಊರೆಲ್ಲಾ ಅಂದ್ರೆ ಅನ್ಲಿ, ನೀನೂ ಹುಚ್ಚ ಅಂದ್ಯಲ್ಲ?”

ನೀನು ಒಲೆಯ ಕಡೆಗೇ ಮುಖ ಮಾಡಿಕೊಂಡಿದ್ದೆ. “ಹುಚ್ಚನ್ ಹೆಂಡ್ತಿ ಅನ್ನುಸ್ಕಂಡ್ರೂ ಸೈ. ಮುಂಡೆ ಅನ್ನುಸ್ಕಳಾಕೆ ನನ್ ಕೈಲಾಗಕಿಲ್ಲ” ಅಂದೆ.

ಬೆಳಗಾದ ಮೇಲೆ ನೀನು ನೀರಿಗೆ ಹೋದಾಗ ನಾನು ಬಸ್ಸು ಹತ್ತಿದೆ.

ಇಲ್ಲಿ ನನ್ನನ್ನು ಯಾರೂ ಅರಿಯರು. ಮಂಚಯ್ಯನವರಿಗೆ ಎಂಜಿನ್ ಬಿಚ್ಚಿ ಕಟ್ಟುವ ಕೈ ಬೇಕಿತ್ತು, ಅಷ್ಟೇ ಅವರು ಕೇಳಿದ್ದು. ಕೆಲಸವಿಲ್ಲದಾಗ ಆ ರಷ್ಯಾದವನ ನೆನಪಾಗುತ್ತದೆ. ಅವನನ್ನೂ ಅವನ ಸರ್ಕಾರದವರು ಹೀಗೆ ಕೂರಿಸಿ ಕೇಳಿದರೇ? ಕೇಳಿದ್ದರೆ, ಅಂಗಳದಲ್ಲಿ ಕುಕ್ಕರಿಸಿ ‘ಹುಚ್ಚ, ಬಿಟ್ಟುಬಿಡಿ’ ಎನ್ನುವವರು ಅವನಿಗೊಬ್ಬರು ಇದ್ದರೇ? ನನಗಿದ್ದಳು. ನಾನು ಅವಳ ಮೇಲೆ ಮುನಿಸಿಕೊಂಡು ಬಂದೆ.

ನಿನ್ನೆ ಚೆನ್ನಯ್ಯ ಮರ ನೋಡಲೆಂದು ಈ ಊರಿಗೆ ಬಂದವನು ಶೆಡ್ಡಿನ ಮುಂದೆ ನನ್ನನ್ನು ಗುರುತು ಹಿಡಿದ. ಹತ್ತಿರ ಬಂದು ಹೇಳಿದ: “ಅಣ್ಣಾ, ಸಂತೇಲಿ ಅಕ್ಕನ್ನ ಹುಚ್ಚನ್ ಹೆಂಡ್ತಿ ಅಂತ್ಲೇ ಕೂಗಾದು. ಅರಿಶ್ನ ಕುಂಕ್ಮಕ್ಕೂ ಯಾರೂ ಕರಿಯಲ್ಲ. ರವಿಕೆ ಒಲಿಯಾಕೆ ಕೊಡೋರು ಬಾಗ್ಲಾಗೇ ನಿಂತು ಕೊಟ್ಟೋಯ್ತಾರೆ. ಹುಚ್ಚು ಹತ್‌ಬುಡ್ತದೆ ಅನ್ನೋರಂಗೆ. ಅಕ್ಕ ಒಂದ್ ಮಾತೂ ಆಡಕಿಲ್ಲ.”

ಅವನು ಹೋದ ಮೇಲೆ ಮಂಚಯ್ಯನವರ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವರು ಬೀಡಿಯನ್ನು ನೆಲಕ್ಕೆ ಹೊಸಕಿದರು. “ನಾಚ್ಕೆ ಆಯ್ತದೆ ಅಂತ ನೀನು ಇಲ್ಲಿ ಬಂದು ಕುಂತಿದ್ದೀಯಲ್ಲಯ್ಯಾ, ಆ ಎಣ್‌ಮಗಳು ಎಲ್ಲೋಗಿ ಕುಂತ್ಕಳಾದು?” ಎಂದರು. ನನ್ನ ಪಾಲಿನ ಅವಮಾನವನ್ನೂ ನಿನ್ನ ತಲೆಯ ಮೇಲೆ ಹೊರಿಸಿ, ನಾನು ಗುರುತಿಲ್ಲದ ಊರಿನ ನೆರಳು ಹುಡುಕಿಕೊಂಡಿದ್ದೇನೆ.

ಬರುವ ಸಂತೆಯ ದಿನ ಕೊಣನೂರಿಗೆ ಬರುತ್ತೇನೆ. ಕತ್ತಲಾದ ಮೇಲೆ ಇಳಿಯಬಹುದೆಂದು ಮೊದಲು ಯೋಚಿಸಿದೆ. ಬೇಡ. ಸಂತೆ ತುಂಬಿರುವಾಗಲೇ ಇಳಿಯುತ್ತೇನೆ. ನೀನು ಒಪ್ಪಿದರೆ ಎಲ್ಲರೆದುರು ನಿಂತು ಹೇಳುತ್ತೇನೆ: ನನಗೆ ಹುಚ್ಚಿಲ್ಲ, ಜೀವಭಯಕ್ಕೆ ಕುಣಿದೆ, ಇವಳು ನನ್ನನ್ನು ಉಳಿಸಿದಳು ಎಂದು. ಮತ್ತೆ ಠಾಣೆಗೆ ಕರೆದರೆ ನೆಟ್ಟಗೆ ನಿಂತು ಉತ್ತರ ಕೊಡುತ್ತೇನೆ. ಅದು ನಿನಗೆ ಬೇಡವಾದರೆ ಬಾಯಿ ಬಿಡುವುದಿಲ್ಲ. ಹುಚ್ಚನಾಗಿಯೇ ನಿನ್ನ ಜೊತೆ ಸಂತೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ, ಅವರು ಕೂಗುವುದನ್ನು ನಾನೂ ಕೇಳುತ್ತೇನೆ. ಯಾವುದೆಂದು ನೀನೇ ಹೇಳಬೇಕು. ಬಾಗಿಲು ತೆರೆಯಲು ಮನಸ್ಸಿಲ್ಲದಿದ್ದರೆ ಅದನ್ನೂ ಹೇಳು. ಜಗಲಿಯ ಮೇಲೆ ಕೂರುತ್ತೇನೆ, ಮತ್ತೆ ಬಸ್ಸು ಹತ್ತುವುದಿಲ್ಲ.

ರಾಮನಾಥಪುರದ ರಾಮೇಶ್ವರಸ್ವಾಮಿ ನಿನ್ನನ್ನು ತಣ್ಣಗಿಟ್ಟಿರಲಿ. ಗಂಡನಾದವನು ಕಾಗದದ ಕೊನೆಗೆ ಹೆಂಡತಿಯನ್ನು ಹರಸುವುದು ವಾಡಿಕೆ. ನನಗೆ ಆ ಮುಖವಿಲ್ಲ, ಕೈಯೂ ಏಳುತ್ತಿಲ್ಲ. ಈ ಸಲ ನೀನೇ ನನ್ನನ್ನು ಹರಸು.

ನಿನ್ನ
ಷಡಕ್ಷರಿ