ದನಿ ಮುಚ್ಚಿದ ವಿಡಿಯೊ

ನವನಗರ, ಬಾಗಲಕೋಟೆ
೯ ನವೆಂಬರ್ ೨೦೨೫, ರವಿವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಎಡಗೈಯ ಬಾವು ಇಳಿಯಿತೇ? ಮುಂಜಾನೆ ಲಾಡಸಾಬ ಕಾಕಾ ಬಂದು ನಿಮ್ಮನ್ನು ಓಣಿಯ ಕೊನೆಯವರೆಗೆ ನಡೆಸಿಕೊಂಡು ಹೋಗುತ್ತಾರೆಂದು ಅವ್ವ ಫೋನಿನಲ್ಲಿ ಹೇಳಿದಳು, ಕೇಳಿ ಸಮಾಧಾನವಾಯಿತು. ಅವರು ಯಾವಾಗಲೂ ನಿಮ್ಮ ಎಡಗಡೆಗೇ ನಡೆಯಲಿ. ಆ ಕಡೆಯಿಂದ ಬರುವ ಗಾಡಿ ನಿಮ್ಮ ಗಮನಕ್ಕೆ ಬರುವುದಿಲ್ಲ. ಗುಳಿಗೆ ತಪ್ಪಿಸಬೇಡಿ. ಈ ಹಾಳೆಯ ಎಡಭಾಗ ಪೂರ್ತಿ ಖಾಲಿ ಬಿಟ್ಟು ಬಲಗಡೆಗಷ್ಟೇ ಬರೆದಿದ್ದೇನೆ. ನಡುವೆ ಎಳೆದ ಕೆಂಪು ಗೆರೆಯ ಮೇಲೆ ಬೆರಳಿಟ್ಟು, ಪ್ರತಿ ಸಾಲನ್ನೂ ಅಲ್ಲಿಂದ ಓದಲು ಶುರು ಮಾಡಿ. ನಿಧಾನವಾದರೂ ಚಿಂತೆಯಿಲ್ಲ, ಆದರೆ ಅವ್ವನ ಕೈಯಲ್ಲಿ ಓದಿಸಬೇಡಿ. ಇದು ನಿಮಗೊಬ್ಬರಿಗೆ ಹೇಳಬೇಕಾದ ಮಾತು. ಫೋನಿನಲ್ಲಿ ನಿಮ್ಮ ದನಿ ಕೇಳಿದ ಕೂಡಲೇ ಬೇರೆ ಮಾತಿಗೆ ಹೊರಳಿಬಿಡುತ್ತೇನೆ.

ಮೊದಲು ನಿಮ್ಮ ಜಡ್ಡಿನ ವಿಷಯ. ಲಕ್ವಾ ಹೊಡೆದು ಎಂಟು ತಿಂಗಳಾಯಿತು. "ಕಣ್ಣಿಗೆ ಪೊರಿ ಬಂದೈತಿ, ಚಸ್ಮಾ ಬದ್ಲಿ ಮಾಡಸ್ಬೇಕು" ಎಂದು ನೀವು ಅನ್ನುತ್ತಲೇ ಇದ್ದೀರಿ, ನಾನು ಹೂಂ ಅನ್ನುತ್ತಲೇ ಬಂದೆ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಅಪ್ಪಾ. ಮೆದುಳಿನ ಬಲಭಾಗಕ್ಕೆ ರಕ್ತ ಹೋಗುವುದು ನಿಂತು ಅಲ್ಲಿಯ ಸ್ವಲ್ಪ ಜಾಗ ಕೆಟ್ಟಿದೆ. ಹಾಗಾಗಿ ಎಡಗಡೆಗೂ ಒಂದು ಜಗತ್ತಿದೆ ಎನ್ನುವುದೇ ನಿಮ್ಮ ಮನಸ್ಸಿಗೆ ಹೊಳೆಯುತ್ತಿಲ್ಲ. ಗಡ್ಡ ಅರ್ಧವೇ ಕೆರೆದುಕೊಳ್ಳುವುದು, ಬಾಗಿಲಿನ ಎಡ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು ಎಲ್ಲವೂ ಅದರಿಂದಲೇ. ಮೆದುಳಿಗೆ ಪೆಟ್ಟಾದರೆ ಮನುಷ್ಯನ ನಡವಳಿಕೆ ಹೇಗೆ ಬದಲಾಗುತ್ತದೆ ಎಂಬುದೇ ನಾನು ಇಲ್ಲಿ ಓದುತ್ತಿರುವ ವಿದ್ಯೆ. ನಿಮ್ಮ ಜಡ್ಡನ್ನು ಮೊನ್ನೆ ಗುರುವಾರ ಇಪ್ಪತ್ತೆರಡು ಜನರ ಮುಂದೆ ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದೆ. ನಿಮಗೆ ಹೇಳುತ್ತಿರುವುದು ಇವತ್ತು.

ದೀಪಾವಳಿ ಸೂಟಿಯಲ್ಲಿ ನಾನು ನಿಮ್ಮ ವಿಡಿಯೊ ತೆಗೆದೆನಲ್ಲ, ನನ್ನ ಪರೀಕ್ಷೆಗೆ ಬೇಕು ಎಂದು ಹೇಳಿದ್ದೆ. ನೀವು ಜಳಕ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿಕೊಂಡು ಕುಳಿತಿರಿ. ಗಡಿಯಾರ ಬರೆಯಿರಿ ಅಂದೆ; ಹನ್ನೆರಡು ಅಂಕಿಗಳನ್ನೂ ಬಲಗಡೆಗೇ ತುಂಬಿದಿರಿ. ಸೀರೆ ಬರೆಯಿರಿ, ಎರಡೂ ದಡಿ ಬರಬೇಕು ಅಂದೆ. ಬಲಗಡೆಯ ದಡಿಯನ್ನು ಎಷ್ಟು ಚಂದ ಬರೆದಿರಿ, ಒಂದೊಂದು ಎಳೆ ಎಣಿಸಿದ ಹಾಗೆ. ಎಡಗಡೆ ಬರಿಯ ಹಾಳೆ. ಮೂವತ್ತೆಂಟು ವರ್ಷ ಮಗ್ಗದಲ್ಲಿ ಕುಳಿತು ಎರಡೂ ದಡಿ ನೇಯ್ದ ಕೈ ಅದು. ಮಗಳಾದವಳು ಆಗಲೇ ಫೋನು ಕೆಳಗಿಟ್ಟು ನಿಮ್ಮ ಪಕ್ಕ ಬಂದು ಕೂರಬೇಕಿತ್ತು. ನನ್ನ ಮನಸ್ಸಿಗೆ ಬಂದದ್ದು, ಎಂಥ ಒಳ್ಳೆಯ ಕೇಸು ಸಿಕ್ಕಿತು ಎಂದು.

ಗುರುವಾರದ ಸೆಮಿನಾರಿನಲ್ಲಿ "ಶ್ರೀ ಯ., ವಯಸ್ಸು ಐವತ್ತೆಂಟು, ನೇಕಾರ" ಎಂದು ಬರೆದು ತೋರಿಸಿದೆ. ಯಮನೂರಪ್ಪ ಎಂಬ ಹೆಸರು ಮುಚ್ಚುವುದು ನಮ್ಮಲ್ಲಿ ನಿಯಮವೇ. ಆದರೆ ನೀವು ನನ್ನ ತಂದೆ ಎನ್ನುವುದನ್ನು ಮುಚ್ಚಿದ್ದು ನಾನು. ಇಲ್ಲಿ ಹಾಸ್ಟೆಲಿಗೆ ಬಂದ ಮೊದಲ ದಿನ, ನಿಮ್ಮಪ್ಪ ಏನು ಮಾಡುತ್ತಾರೆಂದು ಕೇಳಿದವರಿಗೆ "ಇಳಕಲ್ಲಿನಲ್ಲಿ ಸೀರೆ ವ್ಯಾಪಾರ" ಎಂದಿದ್ದೆ. ಅವರೆಲ್ಲ ಡಾಕ್ಟರರ, ಪ್ರೊಫೆಸರರ ಮಕ್ಕಳು. ನನ್ನ ಕೋಣೆಯಲ್ಲಿರುವ ಬಾದಾಮಿಯ ಮಯೂರಿಯ ಮನೆಯಲ್ಲಂತೂ ಮೂರು ತಲೆಮಾರಿನಿಂದ ಮಾಸ್ತರರೇ. ಸೀರೆ ಅಂದ ಮೇಲೆ ಸುಳ್ಳೇನಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ವಿಡಿಯೊದಲ್ಲಿ ಮೊದಲು ನೀವು ಊಟ ಮಾಡುವುದಿತ್ತು. ತಾಟಿನ ಬಲಗಡೆಯದಷ್ಟೇ ಉಂಡು ಕೈ ತೊಳೆಯಲು ಏಳುತ್ತೀರಿ. ಅವ್ವನ ಬಳೆಯ ಕೈ ಬಂದು ತಾಟು ತಿರುಗಿಸುತ್ತದೆ. ಅರ್ಧ ರೊಟ್ಟಿ, ಬದನೆಕಾಯಿ ಪಲ್ಯ ಎಲ್ಲಿಂದಲೋ ಬಂದು ಬಿದ್ದ ಹಾಗೆ ನೀವು ಬೆರಗಾಗಿ ನೋಡುತ್ತೀರಿ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇನ್ನೂ ನಾಲ್ಕೈದು ಜನ. ಅಪ್ಪಾ, ನಾನೂ ನಕ್ಕೆ. ನಗದಿದ್ದರೆ ಗೊತ್ತಾಗಿಬಿಡುತ್ತದೆ ಎಂದು ನಕ್ಕೆ.

ಆಮೇಲೆ ನೀವು ಸೀರೆಯ ಚಿತ್ರ ತೆಗೆಯುವ ಭಾಗ ಬಂತು. ವಿಡಿಯೊದ ದನಿ ನಾನು ಬಂದ್ ಮಾಡಿಟ್ಟಿದ್ದೆ. ನಮ್ಮ ಪ್ರೊಫೆಸರ್ ಸತ್ಯಬೋಧ ಸರ್, "ಮಾತು ಹ್ಯಾಂಗದ ಅವರದು? ದನಿ ಹಚ್ಚು" ಅಂದರು. ದನಿ ರೆಕಾರ್ಡ್ ಆಗಿಲ್ಲ ಸರ್ ಅಂದೆ. ಲ್ಯಾಪ್‌ಟಾಪಿನ ಹತ್ತಿರವೇ ಕುಳಿತಿದ್ದ ಮಯೂರಿ ನನಗೆ ಸಹಾಯವಾಗಲೆಂದೇ ಕೈ ಚಾಚಿ ಬಟನ್ ಒತ್ತಿದಳು. ಇಡೀ ಹಾಲಿನ ತುಂಬ ನಿಮ್ಮ ದನಿ: "ಮಹಾನಂದಾ, ಬರೋಬರಿ ತಗದ್ನೇನವಾ? ನಿಮ್ಮ ಸರ್ ಪಾಸ್ ಮಾಡ್ತಾರಿಲ್ಲ? ಇಲ್ಲಂದ್ರ ಇನ್ನೊಂದು ಹಾಳಿ ಕೊಡು, ಮತ್ತ ತಗೀತೇನಿ."

ಯಾರೂ ನಗಲಿಲ್ಲ. "ನಿನ್ನ ಹೆಸರು ಹಿಡದು ಕರೀಲಿಕ್ಕತ್ತಾರಲ್ಲ, ಯಾರವರು?" ಎಂದು ಮಯೂರಿ ಕೇಳಿದಳು. "ನಮ್ಮ ಓಣಿಯವರು. ಸಣ್ಣಾಕಿದ್ದಾಗಿಂದ ಗುರ್ತು" ಅಂದೆ. ನೀವು ನನಗಾಗಿ ಇನ್ನೊಂದು ಹಾಳೆ ಕೇಳುತ್ತಿದ್ದಿರಿ, ನಾನು ನಿಮ್ಮನ್ನು ಓಣಿಯವರು ಅಂದೆ.

ಮರುದಿನ ಮುಂಜಾನೆ ತಲೆ ಬಾಚಿಕೊಳ್ಳುತ್ತಿದ್ದ ಮಯೂರಿಗೆ ಅವರು ನನ್ನ ಅಪ್ಪ ಎಂದು ಹೇಳಿದೆ. ಅವಳು ಬಾಚಣಿಗೆ ಹಿಡಿದುಕೊಂಡೇ ಮಂಚದ ಮೇಲೆ ಕುಳಿತಳು. "ನಿಮ್ಮಪ್ಪ ಅಂತ ಗೊತ್ತಿದ್ರ ನಾ ನಗ್ತಿದ್ದಿಲ್ಲ" ಅಂದಳು. ಬೇರೆ ಯಾರದೋ ಅಪ್ಪನಾಗಿದ್ದರೆ ನಗಬಹುದಿತ್ತೇ ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ಅವಳೇ ನನ್ನ ಜೊತೆ ಸರ್ ಕೋಣೆಯ ಬಾಗಿಲಿನವರೆಗೆ ಬಂದಳು. ಒಳಗೆ ಹೋಗಿ ಅದನ್ನೇ ಹೇಳಿದೆ. ಸರ್ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ಸಂಬಂಧ ಮುಚ್ಚಿಟ್ಟಿದ್ದು ತಪ್ಪು. ಬರೋ ಗುರುವಾರ ಎಲ್ಲಾರ ಮುಂದ ನೀನ ಹೇಳು. ಉಳದದ್ದೆಲ್ಲಾ ಸರಿ ಅದ. ನಿಮ್ಮ ತಂದಿಯವರ ಒಪ್ಪಿಗಿ ಪತ್ರ ಫೈಲಿನ್ಯಾಗ ಅದನಲ್ಲ" ಅಂದರು. ನಾನು ತಲೆಯಾಡಿಸಿ ಹೊರಗೆ ಬಂದೆ.

ಗುರುವಾರ ಹೇಳುತ್ತೇನೆ. ನೇಕಾರ ಯಮನೂರಪ್ಪನ ಮಗಳು ಎಂದೇ ಶುರು ಮಾಡುತ್ತೇನೆ. ಅದರಿಂದ ನಿಮಗೇನೂ ಸಿಗುವುದಿಲ್ಲ, ನನಗೆ ಗೊತ್ತು. ಸಿಟ್ಟು ಬಂದರೆ ಬಾಯಿ ತುಂಬ ಬೈಯಿರಿ, ಸುಮ್ಮನೆ ಮಾತ್ರ ಇರಬೇಡಿ. ಅವ್ವನಿಗೆ ನನ್ನ ನೆನಪು ಹೇಳಿ, ಲಾಡಸಾಬ ಕಾಕಾರಿಗೆ ಸಲಾಮು. ನಿಮ್ಮ ಕಾಲಿಗೆ ತಲೆಯಿಡುವ,

ನಿಮ್ಮ ಮಗಳು
ಮಹಾನಂದಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಸರ್ ಹೇಳಿದ ಆ ಒಪ್ಪಿಗೆ ಪತ್ರವನ್ನು ನೀವು ಕಂಡೇ ಇಲ್ಲ. ವಿಡಿಯೊ ಯಾರಿಗೆ ತೋರಿಸುತ್ತೇವೆ, ಏಕೆ, ಬೇಡವೆನ್ನುವ ಹಕ್ಕು ನಿಮಗಿದೆ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ದೀಪಾವಳಿಗೆ ಬಂದಾಗ ಅದು ನನ್ನ ಚೀಲದಲ್ಲೇ ಇತ್ತು. ಓದಿ ಹೇಳಿದರೆ ನೀವು "ಬ್ಯಾಡವಾ" ಅನ್ನುತ್ತೀರೆಂದು ಹೆದರಿ ಹೊರಗೆ ತೆಗೆಯಲಿಲ್ಲ. ಹಾಸ್ಟೆಲಿಗೆ ಬಂದು ನಿಮ್ಮ ಸಹಿ ನಾನೇ ಹಾಕಿದೆ. ಹಾಳೆಯ ಎಡತುದಿಯಲ್ಲಿ, ನೆಟ್ಟಗೆ ಹಾಕಿದ್ದೇನೆ. ಈಗ ನೀವು ಎಂದೂ ಬರೆಯಲಾಗದ ಜಾಗದಲ್ಲಿ. ನಿಮ್ಮ ಜಡ್ಡು ಬಲ್ಲವರು ಒಮ್ಮೆ ನೋಡಿದ್ದರೂ ಸಾಕಿತ್ತು, ಯಾರೂ ನೋಡಲಿಲ್ಲ. ಗುರುವಾರ ಇದನ್ನೂ ಹೇಳುತ್ತೇನೆ. ಓದು ನಿಲ್ಲಿಸಿ ಮನೆಗೆ ಕಳಿಸಿದರೂ ಕಳಿಸಬಹುದು. ಅವ್ವನಿಗೆ ನಾನೇ ಬಂದು ಹೇಳುತ್ತೇನೆ, ನೀವು ಹೇಳಬೇಡಿ. ಸಹಿಯಿಲ್ಲದ ಒಪ್ಪಿಗೆ ಪತ್ರವೊಂದನ್ನು ಇದರ ಜೊತೆ ಇಟ್ಟಿದ್ದೇನೆ. ವಿಡಿಯೊ ಉಳಿಸಬೇಕೋ ಅಳಿಸಬೇಕೋ ನೀವು ಹೇಳಿ. ಬೇಡ ಅನ್ನಿಸಿದರೆ ಬೇಡ ಅನ್ನಿ ಅಪ್ಪಾ. ಈ ಸಲ ಕೇಳುತ್ತೇನೆ.