ಕಪ್ಪು ಕೊಡೆಯ ಮೇಲಿನ ಹತ್ತಿ

ಬದನವಾಳು
೧೪ ಜೂನ್ ೨೦೦೭

ಪ್ರೊಫೆಸರ್ ಅವರಿಗೆ ರಂಜಿನಿಯ ನಮಸ್ಕಾರಗಳು.

ನಮ್ಮ ಲೇಖನವನ್ನು ದಯವಿಟ್ಟು ಪತ್ರಿಕೆಗೆ ಕಳಿಸಬೇಡಿ. ಇದನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ, ಸರ್.

ನಿನ್ನೆ ಮನೆಯಲ್ಲಿ ಕುಳಿತು ವಿಶ್ವದ ಚಿತ್ರ ನೋಡಿ ಅದರ ವಯಸ್ಸು ಹೇಳುವ ನಮ್ಮ ಪ್ರೋಗ್ರಾಮ್ ಓಡಿಸುತ್ತಿದ್ದೆ. ವಿಶ್ವದ ಚಿತ್ರಗಳ ನಡುವೆ ಅವ್ವನ ಹತ್ತಿಯ ಫೋಟೋ ತಪ್ಪಿ ಸೇರಿಕೊಂಡಿತ್ತು. ಅವ್ವ ಇಲ್ಲಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಾಳೆ. ಹಿಂಜಿದ ಹತ್ತಿ ಎದ್ದು ಕಾಣಲೆಂದು ಅದನ್ನು ಕಪ್ಪು ಕೊಡೆಯ ಮೇಲೆ ಹರಡಿ ಫೋಟೋ ತೆಗೆದಿದ್ದೆ. ಪ್ರೋಗ್ರಾಮ್ ಅದನ್ನು ನೋಡಿ, ಗೆಲಾಕ್ಸಿಗಳು ಎಳೆಗಟ್ಟಿ ಕೂಡುತ್ತಿರುವ ವಿಶ್ವ ಎಂದಿತು. ವಯಸ್ಸನ್ನೂ ಹೇಳಿತು, ಆರುನೂರು ಕೋಟಿ ವರ್ಷ.

ಮತ್ತೆ ಓಡಿಸಿದೆ, ಅದೇ ಉತ್ತರ. ಇಷ್ಟು ವರ್ಷ ನಾವು ಅದಕ್ಕೆ ವಿಶ್ವವನ್ನು ಬಿಟ್ಟು ಬೇರೇನನ್ನೂ ತೋರಿಸಿಲ್ಲ. ಈಗ ಏನು ಕಂಡರೂ ಅದಕ್ಕೆ ವಿಶ್ವವೇ.

ಗಾಬರಿಯಲ್ಲಿ ನಾನು ಆ ಉತ್ತರವನ್ನು ಗಟ್ಟಿಯಾಗಿ ಓದಿದ್ದು ಅವ್ವನ ಕಿವಿಗೆ ಬಿತ್ತು. “ನಮ್ ಅತ್ತಿಲಿ ನಕ್ಸತ್ರ ಅವಂತೆ ಕಣ್ರವ್ವ, ಕಂಪ್ಯೂಟ್ರೇ ಏಳ್ತು” ಎಂದು ಕೇಂದ್ರದಲ್ಲೆಲ್ಲ ಹೇಳಿ ಬಂದಿದ್ದಾಳೆ. ಅವಳು ಇಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಯಾವುದು ವಿಶ್ವ ಅಲ್ಲ ಎನ್ನುವುದನ್ನೂ ಅದಕ್ಕೆ ಕಲಿಸಬೇಕು, ಸರ್. ನನಗೆ ಇನ್ನೊಂದು ತಿಂಗಳು ರಜೆ ಕೊಡಿ. ಹತ್ತಿಯ ಫೋಟೋಗಳಿಗೆ ಇಲ್ಲಿ ಕೊರತೆಯಿಲ್ಲ. ನಾಳೆ ಕೇಂದ್ರದ ಹೆಂಗಸರೆಲ್ಲ ತಮ್ಮ ತಮ್ಮ ಹತ್ತಿ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರಂತೆ. ಅವ್ವ ಆಗಲೇ ಕೊಡೆ ಒರೆಸಿಟ್ಟಿದ್ದಾಳೆ.

ಆ ಒಂದೊಂದು ಫೋಟೋದ ಕೆಳಗೂ ‘ವಿಶ್ವ ಅಲ್ಲ’ ಎಂದು ನಾನೇ ಬರೆಯಬೇಕು.

ನಿಮ್ಮ ವಿದ್ಯಾರ್ಥಿನಿ,
ರಂಜಿನಿ