ನೀವು ಕೇಳಿದ ದೆವ್ವದ ಸಿನಿಮಾಗಳು

ಚಳ್ಳಕೆರೆ
24-10-2025, ಶುಕ್ರವಾರ

ನಮ್ಮ ದೆವ್ವದ ಮೇಷ್ಟ್ರಿಗೆ,

ವನಜಾಕ್ಷಿಯ ನಮಸ್ಕಾರ. ಒಂದು ವರ್ಷ ಇಪ್ಪತ್ತು ದಿನ ಕಳೆದ ಮೇಲೆ ನಿಮ್ಮ ಮೆಸೇಜು ಬಂತು. ಬಂದದ್ದಾದರೂ ಏನು? ಮುಂದಿನ ಶುಕ್ರವಾರ ಹ್ಯಾಲೋವೀನ್ ಅಂತೆ, ನಿಮ್ಮ ಸ್ಕೂಲಿನ ಟೀಚರುಗಳು ದೆವ್ವದ ಸಿನಿಮಾ ನೋಡಬೇಕಂತೆ, ಮೂರು ಒಳ್ಳೆಯದನ್ನು ಹೇಳಬೇಕಂತೆ. ಗಂಡ ಹೆಂಡತಿಗೆ ಬರೆಯುವ ಮಾತೇ ಇದು? ಹೇಗಿದ್ದೀಯಾ ಎಂದು ಒಂದು ಮಾತಿಲ್ಲ. ಸಿಟ್ಟು ಬಂದು ಫೋನನ್ನು ಬೋರಲು ಹಾಕಿದೆ. ಹತ್ತು ನಿಮಿಷಕ್ಕೆ ಮತ್ತೆ ತೆಗೆದು ಓದಿದೆ. ಆಮೇಲೆ ಎಷ್ಟು ಸಲ ಓದಿದೆ ಎಂದು ಮಾತ್ರ ಹೇಳುವುದಿಲ್ಲ.

ಫೋನಿನಲ್ಲೇ ಉತ್ತರ ಕೊಟ್ಟರೆ ನೀವು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತೀರಿ. ಅದಕ್ಕೇ ಕಾಗದ. ಸಿನಿಮಾಗಳ ಹೆಸರುಗಳು ಬೇರೆ ಚೀಟಿಯಲ್ಲಿವೆ, ಅದನ್ನು ಟೀಚರುಗಳಿಗೆ ಕೊಡಿ. ಇದು ನಿಮಗೆ.

ಮೊದಲನೆಯದು ಮಲಯಾಳದ್ದು. ಒಂದು ಹಳೆಯ ಲಾಡ್ಜು, ಅದರ ಲಿಫ್ಟು, ಆ ಕಟ್ಟಡದಲ್ಲೇ ಇಲ್ಲದ ಮಹಡಿಯೊಂದರಲ್ಲಿ ನಿಲ್ಲುತ್ತದೆ. ರಕ್ತ ಒಂದು ಹನಿಯೂ ಇಲ್ಲ. ಲ್ಯಾಬಿನಲ್ಲಿ ಇಡೀ ದಿನ ಜನರ ರಕ್ತ ತೆಗೆಯುವ ನನಗೆ ತೆರೆಯ ಮೇಲಿನ ರಕ್ತ ನೋಡಿದರೆ ಆಕಳಿಕೆ ಬರುತ್ತದೆ, ನಿಮಗೆ ಗೊತ್ತಲ್ಲ. ಎರಡನೆಯದು ತೆಲುಗಿನದು, ಬಾವಿಯೊಳಗಿನಿಂದ ಸೋಬಾನೆ ಕೇಳಿಸುವ ಕಥೆ. ಅದನ್ನು ಅತ್ತೆಗೂ ತೋರಿಸಿ. ಅವರಿಗೆ ಕನ್ನಡಕ್ಕಿಂತ ತೆಲುಗಿನಲ್ಲೇ ಹೆದರಿಕೆ ಚೆನ್ನಾಗಿ ಆಗುತ್ತದೆ.

ಮೂರನೆಯದು ಜಪಾನಿನದು. ಮಾತು ಕಡಿಮೆ. ಒಂಟಿ ಹೆಂಗಸೊಬ್ಬಳು ಕೆಲಸ ಮುಗಿಸಿ ಬಂದು ಬೀಗ ತೆಗೆದಾಗೆಲ್ಲ ಮನೆಯಲ್ಲಿ ಏನೋ ಒಂದು ಜಾಗ ಬದಲಾಯಿಸಿರುತ್ತದೆ. ಒಂದು ದಿನ ಲೋಟ, ಒಂದು ದಿನ ಚಪ್ಪಲಿ. ಅವಳಿಗೆ ಜೀವವೇ ಹೋದಷ್ಟು ಹೆದರಿಕೆ. ನನಗೋ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಇಲ್ಲಿ ನಾನು ಬೆಳಿಗ್ಗೆ ಇಟ್ಟುಹೋದ ಲೋಟ ಸಂಜೆಗೂ ಅಲ್ಲೇ ಇರುತ್ತದೆ. ಕಿಟಕಿ ತೆರೆದರೆ ಎಣ್ಣೆ ಮಿಲ್ಲಿನಿಂದ ಶೇಂಗಾ ಹಿಂಡಿಯ ವಾಸನೆ ಬರುತ್ತದೆ, ಬೇರೆ ಯಾರೂ ಬರುವುದಿಲ್ಲ. ಈ ಸಿನಿಮಾವನ್ನು ನೀವು ಒಬ್ಬರೇ ನೋಡಬೇಡಿ.

ಹ್ಯಾಲೋವೀನ್ ಎಂದ ಮೇಲೆ ಆ ಫೋಟೊದ ಮಾತು ಬರಲೇಬೇಕು. ನೀವು ಎತ್ತುವುದಿಲ್ಲ, ನಾನೇ ಎತ್ತುತ್ತೇನೆ. ಎರಡು ವರ್ಷದ ಹಿಂದೆ ಮೇಷ್ಟ್ರುಗಳೂ ದೆವ್ವದ ವೇಷ ಹಾಕಬೇಕೆಂದು ಸ್ಕೂಲಿನವರು ಹೇಳಿದಾಗ ನೀವು ನಾಚಿಕೊಂಡು ಕೂತಿದ್ದಿರಿ. ಕುರಿ ಮೇಯಿಸಿಕೊಂಡು ಬಂದ ಮಾವ ತಮ್ಮ ತಲೆಯ ರುಮಾಲನ್ನೇ ಬಿಚ್ಚಿ ನಿಮಗೆ ಸುತ್ತಿದರು. ನಾನು ಮುಖಕ್ಕೆ ಪೌಡರು ಬಳಿದೆ. ಮಾವ ಹಿಂದೆ ಸರಿದು ನಿಂತು, "ಲೇ ಭೂಷಣ, ನಾನೇ ಎದ್ದು ನಿಂತಂಗೆ ಐತಲ್ಲೋ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಫೋಟೊ ತೆಗೆದು ಕಪ್ಪುಬಿಳುಪು ಮಾಡಿಟ್ಟುಕೊಂಡವಳು ನಾನು.

ಅದಾಗಿ ಮೂರು ತಿಂಗಳಿಗೆ ಮಾವ ಹೋದರು. ಹೋದ ವರ್ಷದ ಮಹಾಲಯ ಅಮಾವಾಸ್ಯೆ ಅವರಿಗೆ ಮೊದಲ ಎಡೆ. ಅವರ ಫೋಟೊ ದೊಡ್ಡದು ಮಾಡಿಸುವ ಜವಾಬ್ದಾರಿ ನನ್ನದಾಗಿತ್ತು. ಫೋನಿನಿಂದ ಸ್ಟುಡಿಯೋಗೆ ಕಳಿಸಿದೆ. ಅವರದೂ ಕಪ್ಪುಬಿಳುಪು, ನಿಮ್ಮದೂ ಕಪ್ಪುಬಿಳುಪು, ಅದೇ ರುಮಾಲು, ಅದೇ ಮೂಗು. ಪೇಪರು ಸುತ್ತಿದ ಫ್ರೇಮು ಕೊಂಡ್ಲಹಳ್ಳಿಯ ಮನೆಗೆ ಬಂದಾಗ ಎಡೆ ಇಡುವ ಹೊತ್ತು ಮೀರುತ್ತಿತ್ತು. ಒಲೆಯ ಮೇಲೆ ಹೋಳಿಗೆ ಇತ್ತು. ಓಡಿಬಂದು ಪೇಪರು ಬಿಚ್ಚಿದೆ, ನಡುಮನೆಯ ಕತ್ತಲಲ್ಲಿ ಗೋಡೆಗೆ ಒರಗಿಸಿದೆ, ಕುಂಕುಮ ಇಟ್ಟು ಚೆಂಡು ಹೂವಿನ ಹಾರ ಹಾಕಿದೆ. ಅತ್ತೆ ಎಡೆ ತಂದು ಇಟ್ಟು ದೀಪದ ಬತ್ತಿ ಎತ್ತಿದಾಗ ಬೆಳಕಿಗೆ ಮುಖ ಕಂಡಿತು. ನಿಮ್ಮ ಮುಖ.

"ಬದುಕಿರೋ ಮಗನಿಗೆ ಹಾರ ಹಾಕಿದ್ಯಲ್ಲೇ!" ಎಂದು ಅವರು ಕೂಗಿಕೊಂಡದ್ದರಲ್ಲಿ ತಪ್ಪಿಲ್ಲ. ಹೆತ್ತ ಕರುಳು. ಕೈ ತಪ್ಪಿ ಆದದ್ದನ್ನು ಅವರು ಕ್ಷಮಿಸುತ್ತಿದ್ದರೋ ಏನೋ. ಆದರೆ ನಾನು ನಕ್ಕುಬಿಟ್ಟೆ. ತಡೆಯಲಾಗದೆ, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅತ್ತೆ ನಿಮ್ಮ ಕಡೆ ತಿರುಗಿ, "ನೋಡೋ, ನಗ್ತಾಳೆ. ಈಕಿಗೆ ಸಿನಿಮಾದ ದೆವ್ವ ಮೆಟ್ಕಂಡೈತೆ" ಎಂದರು. ಬಂದ ನೆಂಟರೆಲ್ಲ ನನ್ನನ್ನೇ ನೋಡುತ್ತಿದ್ದರು.

ನಾನು ನಿಮ್ಮನ್ನು ನೋಡುತ್ತಿದ್ದೆ. ಹೆದರಿದಾಗ ನನಗೆ ಅಳು ಬರುವುದಿಲ್ಲ, ನಗು ಬರುತ್ತದೆ ಎಂದು ಈ ಲೋಕದಲ್ಲಿ ಗೊತ್ತಿರುವುದು ನಿಮಗೊಬ್ಬರಿಗೇ. ಎಂಟು ವರ್ಷ ಪಕ್ಕದಲ್ಲಿ ಕೂತು ಅಷ್ಟು ದೆವ್ವದ ಸಿನಿಮಾ ನೋಡಿದವರು ನೀವು. ನಾನು ನಕ್ಕ ಕೂಡಲೇ ನನ್ನ ಕೈ ಹಿಡಿದುಕೊಳ್ಳುತ್ತಿದ್ದವರು. "ಅವ್ವಾ, ಅವಳು ಹೆದರ್ಕಂಡವಳೆ" ಎಂದು ಅವತ್ತು ಒಂದು ಮಾತು ಹೇಳಿದ್ದರೆ ಸಾಕಿತ್ತು. ನೀವು ಹಾರ ತೆಗೆದು ಪಕ್ಕಕ್ಕಿಟ್ಟು, ಚಪ್ಪಲಿ ಮೆಟ್ಟಿ ಹೊರಗೆ ಹೋದಿರಿ. ನಾನು ಮಾರನೆಯ ದಿನ ಚಳ್ಳಕೆರೆ ಬಸ್ಸು ಹತ್ತಿದೆ. ಹಾರ ಹಾಕಿದ್ದು ನನ್ನ ತಪ್ಪು. ಸುಮ್ಮನಿದ್ದದ್ದು ನಿಮ್ಮದು. ನನ್ನದಕ್ಕೆ ಈ ಕಾಗದದಲ್ಲಿ ಕೈಮುಗಿಯುತ್ತೇನೆ, ಅತ್ತೆಗೂ ಓದಿ ಹೇಳಿ. ನಿಮ್ಮದನ್ನು ನೀವು ನೋಡಿಕೊಳ್ಳಿ.

ಇನ್ನೊಂದು ನಿಜ ಹೇಳಿಬಿಡುತ್ತೇನೆ. ಮೂರು ಸಿನಿಮಾಗಳನ್ನೂ ನಾನು ಅರ್ಧವಷ್ಟೇ ನೋಡಿರುವುದು. ನಗು ಬಂದ ಜಾಗದಲ್ಲಿ ನಿಲ್ಲಿಸಿಬಿಡುತ್ತೇನೆ. ಖಾಲಿ ಕೋಣೆಯಲ್ಲಿ ನನ್ನ ನಗು ನನಗೇ ಕೇಳಿಸಿದಾಗ ಸಿನಿಮಾಕ್ಕಿಂತ ಹೆಚ್ಚು ಭಯವಾಗುತ್ತದೆ. ಹಾಗಾಗಿ ಕೊನೆ ಚೆನ್ನಾಗಿದೆಯೋ ಇಲ್ಲವೋ ಎಂದು ನಿಮ್ಮ ಟೀಚರುಗಳಿಗೆ ನಾನು ಮಾತು ಕೊಡಲಾರೆ.

ಊಟ ಸರಿಯಾಗಿ ಮಾಡಿ. ಸೀಮೆಸುಣ್ಣದ ಪುಡಿಗೆ ಕೆಮ್ಮು ಹೆಚ್ಚಿದ್ದರೆ ಬಿಸಿನೀರು ಕುಡಿಯಿರಿ.

ಇಂತಿ,
ಇನ್ನೂ ನಿಮ್ಮವಳೇ ಆದ
ವನಜಾಕ್ಷಿ

ಮರೆತ ಮಾತು: ಕೆಳಗಿನ ಮನೆಯ ರಂಗಕ್ಕ ಹೋದ ಭಾನುವಾರ ಮಧ್ಯಾಹ್ನ ಮೆಟ್ಟಿಲ ಹತ್ತಿರ ನಿಲ್ಲಿಸಿ, "ಮ್ಯಾಲೆ ಅಷ್ಟೊಂದು ನಗ್ತಿದ್ಯಲ್ಲಮ್ಮಾ, ನಿಮ್ಮೆಜಮಾನ್ರು ಬಂದವ್ರಾ?" ಎಂದು ಕೇಳಿದರು. ಹೌದು ಎಂದುಬಿಟ್ಟೆ. ಅವತ್ತಿನಿಂದ ದಿನಾ ನಿಮ್ಮನ್ನು ವಿಚಾರಿಸುತ್ತಾರೆ, ಎದ್ರಾ, ತಿಂಡಿ ಆಯ್ತಾ, ಯಾಕೆ ಹೊರಗೇ ಕಾಣಲ್ಲ ಎಂದು. ನಾನೂ ಒಂದೊಂದು ಉತ್ತರ ಕೊಡುತ್ತಿದ್ದೇನೆ. ನಿನ್ನೆ ಅವರು ನಿಮಗೆಂದು ಒಂದು ಬಟ್ಟಲು ಪಾಯಸ ಕೊಟ್ಟು ಕಳಿಸಿದರು. ಕೂತು ನಾನೇ ತಿಂದೆ.